ಒಂಬತ್ತನೆಯ ಪ್ರಶ್ನೆಗೆ ನಿಂತ ಬೆರಳು

ಹಿಂದೂಪುರದ ಒಂದು ಶರ್ಟ್ ಕಾರ್ಖಾನೆಯಲ್ಲಿ ನಾನು ತರಬೇತಿ ವಿಭಾಗದವಳು. ಹೆಲ್ಪರ್ ಆಗಿ ಬಂದವರನ್ನು ಆಪರೇಟರ್ ಮಾಡುವುದಕ್ಕೆ, ಆಪರೇಟರ್‌ಗಳಲ್ಲಿ ಒಬ್ಬರನ್ನು ಸೂಪರ್‌ವೈಸರ್ ಮಾಡುವುದಕ್ಕೆ ಪರೀಕ್ಷೆ ನಡೆಸುವುದು ನನ್ನ ಕೆಲಸ. ಸೂಪರ್‌ವೈಸರ್ ಪರೀಕ್ಷೆಗೆ ಎರಡು ಭಾಗ. ಒಂದು ಮಷಿನ್ ಮೇಲೆ, ಇನ್ನೊಂದು ಕಾಗದದ ಮೇಲೆ. ಕಾಗದದ್ದು ಇಪ್ಪತ್ತೈದು ಪ್ರಶ್ನೆ, ಅರ್ಧ ಗಂಟೆ, ತೆಲುಗಿನಲ್ಲಿ. ಆ ಪ್ರಶ್ನೆಪತ್ರಿಕೆ ಬರೆದವಳು ನಾನೇ. ಗಡಿಗೆ ಅಂಟಿದ ಕುಂದುರ್ಪಿ ಕಡೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿ, ಎಂಟನೆಯದಕ್ಕೆ ತೆಲುಗು ಹೈಸ್ಕೂಲಿಗೆ ಬಿದ್ದು, ಎರಡು ವರ್ಷ ಬಾಯಿ ಬಿಡದೆ ಕೂತು, ಕೊನೆಗೆ ಕಲ್ಯಾಣದುರ್ಗದಲ್ಲಿ ಡಿಗ್ರಿ ಮುಗಿಸಿದವಳು ನಾನು. ನಮ್ಮ ಮನೆಯಲ್ಲಿ ಡಿಗ್ರಿ ಅಂದರೆ ನನ್ನದೇ ಮೊದಲು. ತೆಲುಗಿನಲ್ಲಿ ತಪ್ಪಿಲ್ಲದ ಪ್ರಶ್ನೆಪತ್ರಿಕೆ ಬರೆಯಬಲ್ಲೆ ಅನ್ನುವುದು ನನಗೆ ಸಣ್ಣ ಹೆಮ್ಮೆಯೇನೂ ಆಗಿರಲಿಲ್ಲ.

ಆ ಪತ್ರಿಕೆಯಲ್ಲಿ ಎರಡು ಸಲ ಫೇಲಾದವಳೊಬ್ಬಳಿದ್ದಳು. ಮೂರನೆಯ ಲೈನಿನಲ್ಲಿ ಕಾಲರ್ ಕೂರಿಸುವ ಹೆಂಗಸು. ಎಲ್ಲರೂ ಆಕೆಯನ್ನು ಕಾಲರ್ ಅಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ.

ಶರ್ಟ್ ಹೊಲಿಯುವ ಲೈನಿನಲ್ಲಿ ಕಾಲರ್ ಕೂರಿಸುವುದಕ್ಕಿಂತ ಕಷ್ಟದ ಮಷಿನ್ ಇಲ್ಲ. ಕತ್ತಿನ ಬಟ್ಟೆ ಒಳಬಾಗಿರುತ್ತದೆ, ಕಾಲರಿನ ಪಟ್ಟಿ ಹೊರಬಾಗಿರುತ್ತದೆ. ಎರಡನ್ನೂ ಒಂದರ ಮೇಲೊಂದಿಟ್ಟು ಒಂದೇ ಉಸಿರಿನಲ್ಲಿ ಹೊಲಿಯಬೇಕು. ಎಲ್ಲೂ ಸುಕ್ಕು ಬರಬಾರದು, ಎರಡು ತುದಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು. ಹೊಲಿದ ಮೇಲೆ ಅಕ್ಕ ಶರ್ಟಿನ ಎರಡು ಕಾಲರ್ ತುದಿಗಳನ್ನು ಜೋಡಿಸಿ ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿ ಬಿಡುತ್ತಿದ್ದಳು. ಕಣ್ಣು ಆಗಲೇ ಮುಂದಿನ ಪೀಸಿನ ಮೇಲೆ. ಅವಳ ಮಷಿನ್‌ನಿಂದ ರಿಪೇರಿಗೆ ವಾಪಸ್ ಬಂದ ಪೀಸನ್ನು ನಾನು ಕಂಡದ್ದು ಕಡಿಮೆ.

ಹಾಗಿದ್ದೂ ಕಾಗದದ ಪರೀಕ್ಷೆಯಲ್ಲಿ ಎರಡು ಸಲವೂ ಒಂಬತ್ತು ಅಂಕ. ಐದನೆಯ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ತೆಲುಗು ಮಾತು ನೀರಿನಂತೆ ಬರುತ್ತದೆ. ಅಕ್ಷರವೂ ಪೂರ್ತಿ ಹೊಸದಲ್ಲ, ನಮ್ಮ ಅಕ್ಷರಕ್ಕೆ ಒಡಹುಟ್ಟಿದ್ದೇ. ಆದರೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಬೇಕು. ಅವಳ ಹಳೆಯ ಎರಡೂ ಉತ್ತರಪತ್ರಿಕೆ ತೆಗೆದು ನೋಡಿದ ದಿನ ನನಗೆ ಗೊತ್ತಾಯಿತು: ಬರೆದ ಒಂಬತ್ತೂ ಸರಿ. ಹತ್ತನೆಯದಕ್ಕೆ ಹೋಗುವಷ್ಟರಲ್ಲಿ ಗಂಟೆ ಹೊಡೆದಿತ್ತು.

ಆ ಉತ್ತರಪತ್ರಿಕೆ ತೆಗೆಯುವುದಕ್ಕೆ ಕಾರಣವಿತ್ತು. ಕಲ್ಯಾಣದುರ್ಗದಲ್ಲಿ ಕಂಪನಿ ಒಂದು ಚಿಕ್ಕ ಘಟಕ ತೆರೆಯಲಿತ್ತು. ಅಲ್ಲಿಗೆ ಹಿಂದೂಪುರದಿಂದ ಇಬ್ಬರು ಸೂಪರ್‌ವೈಸರ್‌ಗಳನ್ನು ಆರಿಸಬೇಕಿತ್ತು. ಅಕ್ಕನ ಮಗಳು ಕುಂದುರ್ಪಿ ಹತ್ತಿರದ ಹಳ್ಳಿಯಲ್ಲಿ ಅಜ್ಜಿಯ ಜೊತೆ ಇದ್ದಳು. ಅಕ್ಕ ಇಲ್ಲಿ ಕಂಪನಿಯ ಹಾಸ್ಟೆಲಿನಲ್ಲಿ, ತಿಂಗಳಿಗೊಮ್ಮೆ ಊರು. ಕಲ್ಯಾಣದುರ್ಗದ ಕೆಲಸ ಸಿಕ್ಕರೆ ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಂಜೆ ಮನೆಗೆ ಹೋಗಬಹುದು. ಸಂಬಳವೂ ಒಂದು ಮೆಟ್ಟಿಲು ಮೇಲೆ. ಮಗಳು ಹೈಸ್ಕೂಲಿಗೆ ಬರುವ ವರ್ಷ ಅದು.

"ಈ ಸಲ ಬರೀತೀಯಾ ಅಕ್ಕ?" ಅಂದೆ.

"ಬರೀತೀನಿ ಕಣಮ್ಮ. ನಿನ್ ಪೇಪರ್‌ಗೂ ನಂಗೂ ಏನೋ ಋಣ ಐತೆ. ಫೇಲ್ ಮಾಡಿ ಮಾಡಿ ನಿಂಗೇ ಬ್ಯಾಸರ ಬಂದ್ಬುಡ್ಬೇಕು," ಅಂತ ನಕ್ಕಳು.

ಪರೀಕ್ಷೆಗೆ ಮೂವರು ಕೂತರು. ಕಾಲರ್ ಅಕ್ಕ, ಇಂಟರ್ (ಪಿಯುಸಿ) ಓದಿದ ಹಿಂದೂಪುರದ ಹುಡುಗಿಯೊಬ್ಬಳು, ಮನೆಮಾತು ತೆಲುಗು, ಚುರುಕು, ಮಾತಿನಲ್ಲಿ ಯಾರಿಗೂ ಬಗ್ಗದವಳು, ಮತ್ತೆ ತೋಳು ಕೂರಿಸುವ ಇನ್ನೊಬ್ಬಳು. ಕ್ಯಾಂಟೀನಿನ ಮೂಲೆಯಲ್ಲಿ ಮೂರು ಮೇಜು. ನಾನು ನಿಂತಿದ್ದೆ. ಫ್ಲೋರ್ ಇನ್‌ಚಾರ್ಜ್, ಹಿಂದೂಪುರದವರೇ, ಬಾಗಿಲ ಹತ್ತಿರ ಟೀ ಕುಡಿಯುತ್ತಿದ್ದರು.

ಇಪ್ಪತ್ತೈದು ನಿಮಿಷಕ್ಕೆ ಅಕ್ಕನ ಹಿಂದೆ ಹೋಗಿ ನಿಂತೆ. ಬೆರಳು ಒಂಬತ್ತನೆಯ ಪ್ರಶ್ನೆಯ ಮೇಲಿತ್ತು. ಕಾಲರಿನ ಎರಡು ತುದಿ ಸಮ ಬರದಿದ್ದರೆ ಮೊದಲು ಏನನ್ನು ಪರಿಶೀಲಿಸಬೇಕು, ಅಂತ ಪ್ರಶ್ನೆ. ದಿನವೆಲ್ಲ ಅದನ್ನೇ ಮಾಡುವ ಕೈಯ ಬೆರಳು 'ಪರಿಶೀಲಿಸಬೇಕು' ಅನ್ನುವ ನನ್ನ ದೊಡ್ಡ ಪದದ ಮೇಲೆ ಇರುವೆಯ ಹಾಗೆ ತೆವಳುತ್ತಿತ್ತು. ನಾನು ಬಗ್ಗಿದೆ.

"ಕಾಲರ್ ತುದಿ ಸಮ ಬರ್ದಿದ್ರೆ ಮೊದ್ಲು ಏನ್ ನೋಡ್ತೀಯಕ್ಕ? ಅದೇ ಕೇಳಿರಾದು."

"ಅಷ್ಟೇನಾ? ನಾಚ್ ನೋಡ್ತೀನಿ. ನಾಚ್ ಕೂಡ್ದಿದ್ರೆ ತುದಿ ಎಲ್ಲಿ ಕೂಡ್ತದೆ?" ಅಂತ ಗುರುತು ಹಾಕಿದಳು. ನಾಚ್ ಅಂದರೆ ಬಟ್ಟೆಯ ಅಂಚಿನಲ್ಲಿ ಕಟಿಂಗ್‌ನವರು ಹಾಕುವ ಸಣ್ಣ ಕಚ್ಚು.

ಅಲ್ಲಿಗೆ ನಾನು ಸುಮ್ಮನೆ ಸರಿದು ಹೋಗಬೇಕಿತ್ತು. ಹೋಗಲಿಲ್ಲ. ಹತ್ತನೆಯದು ಓದಿದೆ, ಹನ್ನೊಂದನೆಯದು ಓದಿದೆ. ನಮ್ಮ ಕಡೆಯವರಿಗೆ ಇದೊಂದು ರೋಗ. ಊರಿನವರು ಪಕ್ಕದಲ್ಲಿದ್ದರೆ ಯಾವಾಗ ತೆಲುಗು ಬಿಟ್ಟೆವು, ಯಾವಾಗ ಕನ್ನಡ ಹಿಡಿದೆವು ನಮಗೇ ತಿಳಿಯುವುದಿಲ್ಲ. ಕನ್ನಡದಲ್ಲಿ ಪಿಸುಗುಟ್ಟಿದರೆ ಗೋಡೆ ಕಟ್ಟಿಕೊಂಡ ಹಾಗೆ ಅಂತ ಅಂದುಕೊಂಡಿರುತ್ತೇವೆ. ಹಿಂದೂಪುರದಲ್ಲಿ ಕನ್ನಡ ಅರ್ಥವಾಗದ ಕಿವಿ ಎಷ್ಟಿದ್ದಾವು?

ಹದಿನಾಲ್ಕನೆಯ ಪ್ರಶ್ನೆಯಲ್ಲಿದ್ದಾಗ ಇಂಟರ್ ಹುಡುಗಿ ಪೆನ್ನು ಕೆಳಗಿಟ್ಟಳು. ನನಗಿಂತ ಶುದ್ಧವಾದ ಕನ್ನಡದಲ್ಲಿ ಕೇಳಿದಳು:

"ಮೇಡಮ್, ಅಕ್ಕನಿಗೆ ಓದಿ ಹೇಳ್ತಾ ಇದ್ದೀರಲ್ಲ, ನಮಗೂ ಓದಿ ಹೇಳಿ. ನಾವೇನು ಪಾಪ ಮಾಡಿದ್ವಿ?"

ಇನ್‌ಚಾರ್ಜ್ ಟೀ ಲೋಟ ಇಟ್ಟು ಬಂದರು. "ಏಮಿ ಮೇಡಮ್, ಮೀ ವಾಳ್ಳು ಅಂತಾನಾ? ನಿಮ್ಮವರು ಅಂದ್ರೆ ಪರೀಕ್ಷೆ ಬೇರೇನಾ?" ಅಂದವರೇ ಮೂರು ಪತ್ರಿಕೆಗಳನ್ನೂ ಎತ್ತಿಕೊಂಡರು. ಪರೀಕ್ಷೆ ರದ್ದಾಯಿತು.

ಹೊರಗೆ ಕೈತೊಳೆಯುವ ನಲ್ಲಿಗಳ ಹತ್ತಿರ ಅಕ್ಕ ನನ್ನನ್ನು ಹಿಡಿದು ನಿಲ್ಲಿಸಿದಳು. ಅವಳು ಸಿಟ್ಟಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಾನು ಕೇಳಿದ್ನೇನಮ್ಮ, ಓದಿ ಹೇಳು ಅಂತ?"

"ಇಲ್ಲಕ್ಕ."

"ಮತ್ಯಾಕೆ ಹೇಳ್ದೆ? ಎರಡು ಸಲ ಫೇಲಾದೆ, ಯಾರೂ ನನ್ನ ಕಳ್ಳಿ ಅನ್ಲಿಲ್ಲ. ನೀನು ಒಳ್ಳೇದು ಮಾಡಾಕ್ ಬಂದೆ, ಇವತ್ತು ನಾನು ಕಳ್ಳಿ ಆಗ್ಬುಟ್ಟೆ." ಅಷ್ಟು ಹೇಳಿ ಮಷಿನ್‌ಗೆ ಹೋದಳು. ಆ ಮಧ್ಯಾಹ್ನವೂ ಅವಳ ಒಂದು ಪೀಸೂ ವಾಪಸ್ ಬರಲಿಲ್ಲ. ನಾನು ನೋಡುತ್ತಲೇ ಇದ್ದೆ.

ಸಂಜೆಯ ಹೊತ್ತಿಗೆ ಇನ್‌ಚಾರ್ಜ್ ವರದಿ ಬರೆದಿದ್ದರು. 'ಪರೀಕ್ಷೆಯಲ್ಲಿ ಸಹಾಯ ಕೇಳಿ ಪಡೆದದ್ದಕ್ಕೆ' ಅಕ್ಕನ ಫೈಲಿಗೆ ಎಚ್ಚರಿಕೆ ಪತ್ರ, ಮುಂದೆ ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಆಫೀಸಿನವರು ಆಫೀಸಿನವರನ್ನು ಉಳಿಸಿಕೊಳ್ಳುವ ರೀತಿ ಅದು. ನನ್ನ ಕೆಲಸ ಕಾಯಂ ಆಗುವುದಕ್ಕೆ ಇನ್ನೆರಡು ತಿಂಗಳಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನನಗೇನೂ ಆಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಒಂದು ರಾತ್ರಿ ಬಾಯಿ ಮುಚ್ಚಿಕೊಂಡೇ ಇದ್ದೆ. ನಾನು ಕಲಿಯಲಿಲ್ಲವಾ ತೆಲುಗು, ಅವಳೂ ಕಲಿಯಬಹುದಿತ್ತು, ಅಂತಲೂ ಅಂದುಕೊಂಡೆ. ಆದರೆ ನಾನು ಕಲಿತದ್ದು ಬೆಂಚಿನ ಮೇಲೆ ಕೂತು, ಅಪ್ಪ ಕುರಿ ಹಿಂದೆ ನಡೆದು ತಂದ ಅನ್ನ ಉಂಡು. ಅವಳು ದಿನಕ್ಕೆ ಎಂಟು ಗಂಟೆ ಕಾಲರ್ ಕೂರಿಸುತ್ತ ಕಲಿಯಬೇಕು. ಭಾಷೆ ಬಂದವರಿಗೆ ಸಂಬಳ ಹೆಚ್ಚು ಅನ್ನುತ್ತಾರೆ. ಸುಳ್ಳಲ್ಲ, ನನ್ನ ಕುರ್ಚಿಯೇ ಅದಕ್ಕೆ ಸಾಕ್ಷಿ. ಹಾಗಂತ, ಆ ಕುರ್ಚಿಯಲ್ಲಿ ಕೂತು ಬರೆದ ಪತ್ರಿಕೆ ಹೊಲಿಗೆಯನ್ನು ಅಳೆಯುತ್ತಿತ್ತೋ, ಓದುವ ವೇಗವನ್ನೋ?

ಬೆಳಿಗ್ಗೆ ಎದ್ದು ಮ್ಯಾನೇಜರ ಹತ್ತಿರ ಹೋದೆ. ತಿರುಪ್ಪೂರಿನ ಕಡೆಯವರು, ಕಡಿಮೆ ಮಾತು, ಮುರುಕು ತೆಲುಗು. ನಾನು ಒಂದು ಪುಟ ಬರೆದು ಒಯ್ದಿದ್ದೆ: ಆಕೆ ಕೇಳಿಲ್ಲ, ನಾನಾಗಿ ಓದಿ ಹೇಳಿದೆ, ತಪ್ಪು ಪೂರ್ತಿ ನನ್ನದು. ಅವರು ಓದಿ ನನ್ನ ಮುಖ ನೋಡಿದರು.

"ಇದು ನಿನ್ನ ಫೈಲ್‌ಗೆ ಹೋಗುತ್ತೆ. ತಿಳಿದಿದೆಯಾ?"

"ತಿಳಿದಿದೆ ಸರ್."

ಆಗಲೇ ಇನ್ನೊಂದು ಕಾಗದ ಮುಂದಿಟ್ಟೆ. ಕಲ್ಯಾಣದುರ್ಗದ ಘಟಕಕ್ಕೆ ಅರ್ಧ ಜನ ಒಡಿಶಾದಿಂದ ಬರುತ್ತಾರೆ, ಉಳಿದವರು ಕುಂದುರ್ಪಿ, ಬ್ರಹ್ಮಸಮುದ್ರ, ಕಂಬದೂರು ಕಡೆಯವರು. ಅಲ್ಲಿನ ಸೂಪರ್‌ವೈಸರ್‌ಗೆ ಮುಖ್ಯವಾಗಿ ಬೇಕಾದ್ದು, ಮಾತು ಬಾರದವರಿಗೆ ಕೆಲಸ ಕಲಿಸುವುದು. ಎಂಟು ದಿನದ ಹಿಂದೆ ಒಡಿಶಾದಿಂದ ಹೊಸಬರು ಬಂದಿದ್ದಾರೆ, ದಾರ ಕತ್ತರಿಸುವುದು ಬಿಟ್ಟು ಏನೂ ಗೊತ್ತಿಲ್ಲ. ಅವರಲ್ಲಿ ಮೂವರನ್ನು ನಮ್ಮ ಮೂವರಿಗೆ ಒಬ್ಬೊಬ್ಬರಂತೆ ಕೊಡೋಣ. ಒಂಬತ್ತರಿಂದ ಒಂದು ಗಂಟೆವರೆಗೆ ಒಂದೇ ಕೆಲಸ ಕಲಿಸಲಿ. ಕೊನೆಯ ಹತ್ತು ಪೀಸನ್ನು ಕ್ವಾಲಿಟಿಯವರು ನೋಡಲಿ. ಯಾರು ಹೊಲಿಸಿದ್ದು ಅಂತ ಅವರಿಗೆ ಹೇಳುವುದು ಬೇಡ. ನಾನು ಆ ಹಾಲಿನಲ್ಲಿ ಬಾಯಿ ಬಿಡುವುದಿಲ್ಲ.

ಮ್ಯಾನೇಜರು ಕೇಳಿದ್ದು ಒಂದೇ: "ಯಾವ ಕೆಲಸ?"

"ಕಫ್ ಸರ್." ತೋಳಿನ ತುದಿಯ ಪಟ್ಟಿ ಅದು. ಎರಡು ಪದರ ಸೇರಿಸಿ, ಅಂಚಿನಿಂದ ಕಾಲಿಂಚು ಒಳಗೆ, ಮೂಲೆಗಳಲ್ಲಿ ದುಂಡಗೆ ಹೊಲಿಯಬೇಕು. ಹೊಸಬರಿಗೆ ಕಷ್ಟ, ಆದರೆ ಅರ್ಧ ದಿನದಲ್ಲಿ ಬರಬಹುದಾದಂಥದ್ದು.

"ಸರಿ. ಶನಿವಾರ."

ಶನಿವಾರ ತರಬೇತಿ ಹಾಲಿನಲ್ಲಿ ಮೂರು ಮಷಿನ್ ಹಾಕಿಸಿದೆ. ಇಂಟರ್ ಹುಡುಗಿ ಶುರು ಮಾಡಿದ್ದು ನೋಡಿ ನನಗೇ ಖುಷಿಯಾಯಿತು. ತೆಲುಗಿನಲ್ಲಿ ಹೇಳಿದಳು, ಹಿಂದಿಯಲ್ಲಿ ಹೇಳಿದಳು, ಬಿಳಿ ಹಲಗೆಯ ಮೇಲೆ ಚಿತ್ರ ಬರೆದಳು. "ಸಮ್‌ಝಾ?" ಅಂದರೆ ಒಡಿಶಾದ ಹೆಂಗಸು "ಸಮ್‌ಝಾ" ಅಂತ ತಲೆ ಆಡಿಸುವಳು. ಹತ್ತು ಗಂಟೆಗೆ ಅವಳ ಮಷಿನ್ ಓಡುತ್ತಿತ್ತು. ತೋಳಿನವಳದ್ದು ಅದಕ್ಕೂ ಮುಂಚೆ.

ಅಕ್ಕನ ಮಷಿನ್ ಮಾತ್ರ ಸದ್ದೇ ಮಾಡಲಿಲ್ಲ. ಮೊದಲು ಮಷಿನ್ ಆಫ್ ಮಾಡಿದಳು. ಸೂಜಿಯಿಂದ ದಾರ ತೆಗೆದಳು. ಕಲಿಯಲು ಬಂದವಳು ಎರಡು ಮಕ್ಕಳ ತಾಯಿ, ಮೂವತ್ತರ ಆಸುಪಾಸು, ಹೆದರಿ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಅಕ್ಕ ಸೂಜಿ ತೋರಿಸಿ ಅಂದಳು: "ಛುಂಚಿ."

ಆ ಹೆಂಗಸು ಬೆಚ್ಚಿ ನೋಡಿ ನಕ್ಕುಬಿಟ್ಟಳು. ಅಕ್ಕ ಅಂದದ್ದರಲ್ಲಿ ಏನೋ ಕೊಂಕಿತ್ತು, ತಿದ್ದಿ ಹೇಳಿಕೊಟ್ಟಳು. ಅಕ್ಕ ತಿದ್ದಿಕೊಂಡಳು. ದಾರ ತೋರಿಸಿ "ಸೂತಾ". ಅದೂ ತಿದ್ದಾಯಿತು. ಹಾಸ್ಟೆಲಿನಲ್ಲಿ ಮೂರು ವರ್ಷದಿಂದ ಒಡಿಶಾದವರ ಜೊತೆ ಒಂದೇ ಕೋಣೆ ಅವಳದ್ದು. ಅಡುಗೆ ಮಾಡುತ್ತ, ನೀರಿಗೆ ನಿಲ್ಲುತ್ತ, ಅವರ ಮಕ್ಕಳ ಫೋನು ಬಂದಾಗ ತಾನೂ ಇಣುಕುತ್ತ ಎಷ್ಟು ಮಾತು ಆಯ್ದುಕೊಂಡಿದ್ದಳೋ, ನನಗೆ ತಿಳಿದೇ ಇರಲಿಲ್ಲ. ಯಾವ ಫಾರಂನಲ್ಲೂ ಅದನ್ನು ಕೇಳುವ ಅಂಕಣ ನಾನು ಇಟ್ಟಿರಲಿಲ್ಲ.

ಆಮೇಲೆ ಬಟ್ಟೆಯ ಬದಲು ಹಳೆಯ ಕಾಗದ ಹಾಕಿ, ಅದರ ಮೇಲೆ ತನ್ನ ಕೈ ಇಟ್ಟು, ಆ ಹೆಂಗಸಿನ ಕೈಗಳನ್ನು ತನ್ನ ಕೈಗಳ ಮೇಲೆ ಇರಿಸಿಕೊಂಡಳು. ಮಷಿನಿನ ಚಕ್ರವನ್ನು ನಾನೇ ತಿರುಗಿಸಲೇ ಅಂತ ಕೈ ಚಾಚಿದೆ. ಅಕ್ಕ ಕಣ್ಣಲ್ಲೇ ಗದರಿದಳು. ಹಿಂದೆ ಸರಿದು ನಿಂತೆ. ಅವಳೇ ಒಂದು ಕೈ ತೆಗೆದು ಚಕ್ರ ತಿರುಗಿಸಿದಳು. ಸೂಜಿ ಒಂದೊಂದೇ ಸಲ ಇಳಿದು ಏಳುತ್ತಿತ್ತು. ಕಾಗದದ ಮೇಲೆ ತೂತುಗಳ ಸಾಲು. "ಧೀರೆ, ಧೀರೆ." ಮೆಲ್ಲಗೆ. ಮೂಲೆ ಬಂದಾಗ ಸೂಜಿಯನ್ನು ಕೆಳಗೇ ಬಿಟ್ಟು, ಕಾಗದ ತಿರುಗಿಸಿ, ಮತ್ತೆ. "ಆಉ ಥರೆ." ಇನ್ನೊಂದು ಸಲ.

ಹನ್ನೊಂದಾದರೂ ದಾರ ಹಾಕಿರಲಿಲ್ಲ. ಇನ್‌ಚಾರ್ಜ್ ನನ್ನ ಪಕ್ಕ ಬಂದು ನಿಂತರು. "ಏನ್ ಮೇಡಮ್, ನಿಮ್ಮಕ್ಕ ಹೊಲಿಗೆ ಕಲಿಸ್ತಾಳಾ, ಹರಿಕಥೆ ಮಾಡ್ತಾಳಾ?" ನಾನು ಮಾತಾಡುವುದಿಲ್ಲ ಅಂದಿದ್ದೆನಲ್ಲ, ಆಡಲಿಲ್ಲ.

ಅಕ್ಕನಿಗೇ ಕೇಳಿಸಿತು. ತಲೆ ಎತ್ತದೆ ಅಂದಳು: "ಸಾರ್, ನಾವು ಕುರಿ ಮೇಯಿಸಿದೋರು. ಹೊಸಾ ಕುರೀನ ಮಂದೆಗೆ ಬಿಟ್ಟಾಗ ಕೂಗಿದ್ರೆ ಓಡೋಯ್ತದೆ. ಮುಂದೆ ಮುಂದೆ ಸುಮ್ಕೆ ನಡೀಬೇಕು, ತಾನೇ ಬತ್ತದೆ."

ಹನ್ನೊಂದೂಕಾಲಿಗೆ ದಾರ ಹಾಕಿದಳು. ಮೊದಲ ಕಫ್ ಕೆಟ್ಟಿತು. ಅಕ್ಕ ಕೆಟ್ಟದ್ದನ್ನೂ ತಾನು ಹೊಲಿದ ಒಂದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೈಕಟ್ಟಿ ಕೂತಳು. ಆ ಹೆಂಗಸು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ, ಮೂಲೆಯ ಮೇಲೆ ಬೆರಳಿಟ್ಟು ಏನೋ ಕೇಳಿದಳು. ಅಕ್ಕ ತಲೆ ಆಡಿಸಿ ಉತ್ತರ ಕೊಟ್ಟಳು. ಇನ್ನೇನೋ ಕೇಳಿದಳು. ಬೆಳಿಗ್ಗೆಯಿಂದ ಆ ಹಾಲಿನಲ್ಲಿ ಪ್ರಶ್ನೆ ಕೇಳಿದ ಹೊಸಬಳು ಅವಳೊಬ್ಬಳೇ. ಉಳಿದಿಬ್ಬರೂ ತಲೆ ಆಡಿಸುತ್ತಲೇ ಇದ್ದರು.

ಒಂದು ಗಂಟೆಗೆ ಮ್ಯಾನೇಜರೂ ಹಾಲಿಗೆ ಬಂದರು. ಮೂವರ ಕೊನೆಯ ಹತ್ತತ್ತು ಕಫ್‌ಗಳನ್ನು ಮೂರು ಟ್ರೇಗಳಲ್ಲಿ ಹಾಕಿ ಕ್ವಾಲಿಟಿ ಮೇಜಿಗೆ ಕಳಿಸಿದೆವು. ತೋಳಿನವಳ ಟ್ರೇಯಲ್ಲಿ ಪಾಸಾದದ್ದು ನಾಲ್ಕು, ಇಂಟರ್ ಹುಡುಗಿಯದ್ದು ಆರು, ಅಕ್ಕನದ್ದು ಒಂಬತ್ತು. ಒಂಬತ್ತು ಅಂತ ಕೇಳಿದ ಕೂಡಲೇ ಅಕ್ಕ ನನ್ನ ಕಡೆ ನೋಡಿದಳು. "ಅಯ್ಯೋ, ಇಲ್ಲೂ ಒಂಬತ್ತೇನಾ ಕಣಮ್ಮ! ಇದು ನನ್ನ ಬಿಡಾಕಿಲ್ಲ ಬುಡು." ಹಾಲ್ ಪೂರ್ತಿ ನಕ್ಕಿತು. ಇನ್‌ಚಾರ್ಜ್ ಕೂಡ.

ಆದರೆ ಅವರು ಸುಮ್ಮನಾಗುವವರಲ್ಲ, ಮತ್ತೆ ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. "ಸರ್, ಕಲಿಸೋದು ಸರಿ. ಗಂಟೆಗಂಟೆಗೆ ರಿಪೋರ್ಟ್ ಬರೀಬೇಕಲ್ಲ? ಯಾವ ಮಷಿನ್, ಎಷ್ಟು ಪೀಸ್, ಯಾಕೆ ನಿಂತಿತು, ಎಲ್ಲ ಇಂಗ್ಲಿಷ್‌ನಲ್ಲಿ. ಅದು ಯಾರು ಬರೀತಾರೆ?"

ಮ್ಯಾನೇಜರು ಅಕ್ಕನ ಕಡೆ ತಿರುಗಿದರು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅದ್ರಲ್ಲಿ ಎಷ್ಟು ಪದ ಐತೆ ಸಾರ್?"

ಯಾರೂ ಎಣಿಸಿರಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಬಾಯಿ ಬಿಡುವುದಿಲ್ಲ ಅಂದ ಮಾತು ಮುರಿದು ಹೇಳಿದೆ: "ನಲವತ್ತು ಇರಬಹುದು."

"ನಲವತ್ತು ತಾನೇ? ಅದ್ಕಿಂತ ಜಾಸ್ತಿ ಒಡಿಯಾ ಕಲ್ತಿವ್ನಿ. ಒಂದು ತಿಂಗಳು ಟೈಮ್ ಕೊಡಿ."

ಕೊಟ್ಟರು. ಎರಡರಲ್ಲಿ ಒಂದು ಕೆಲಸ ಇಂಟರ್ ಹುಡುಗಿಗೆ. ತಿಂಗಳ ಕೊನೆಗೆ ರಿಪೋರ್ಟ್ ಬರೆದು ತೋರಿಸಿದರೆ ಇನ್ನೊಂದು ಅಕ್ಕನಿಗೆ, ಇಲ್ಲದಿದ್ದರೆ ತೋಳಿನವಳಿಗೆ ಇನ್ನೊಂದು ಅವಕಾಶ. ಎಚ್ಚರಿಕೆ ಪತ್ರ ಅಕ್ಕನ ಫೈಲಿನಿಂದ ನನ್ನ ಫೈಲಿಗೆ ಬಂತು, ನನ್ನ ಕಾಯಂ ಆರು ತಿಂಗಳು ಮುಂದೆ ಹೋಯಿತು. ಅದು ನ್ಯಾಯವೇ.

ಆ ತಿಂಗಳು ಅಕ್ಕ ನನ್ನಿಂದ ಕೇಳಿ ಪಡೆದದ್ದು ಹಳೆಯ ರಿಪೋರ್ಟ್ ಹಾಳೆಗಳನ್ನು ಮಾತ್ರ. ಹೇಳಿಕೊಡಲಾ ಅಂದರೆ "ನಿನ್ ಸಾವಾಸ ಬ್ಯಾಡ ತಾಯಿ" ಅನ್ನುತ್ತಿದ್ದಳು. ಊಟದ ಬಿಡುವಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ಇಂಟರ್ ಹುಡುಗಿ. ಅವಳೇ, ನನ್ನ ಮೇಲೆ ದೂರು ಹೇಳಿದವಳು. ಅಕ್ಕ ಅವಳಿಗೆ ಕಾಲರ್ ಕೂರಿಸುವ ಕೈ ಹೇಳಿಕೊಡುವುದು, ಅವಳು ಅಕ್ಕನಿಗೆ ಬಾಬಿನ್, ಬ್ರೇಕ್‌ಡೌನ್, ಶಾರ್ಟೇಜ್ ಬರೆಸುವುದು. ಬಟ್ಟೆಯ ಕಟ್ಟುಗಳಿಗೆ ಅಂಟಿಸುವ ಚೀಟಿಗಳ ಹಿಂಬದಿಯಲ್ಲಿ ಒಂದೊಂದು ಇಂಗ್ಲಿಷ್ ಪದ, ಕೆಳಗೆ ಕನ್ನಡ. ಅಕ್ಕ ಅವನ್ನು ಮಷಿನ್ ಮೇಜಿನ ಒಳಬದಿಗೆ ಅಂಟಿಸಿಕೊಂಡಿದ್ದಳು. ಬಗ್ಗಿ ದಾರ ಹಾಕುವಾಗಲೆಲ್ಲ ಒಂದು ಕಣ್ಣು ಅಲ್ಲಿ.

"ಅಕ್ಕ ಎಲ್ಲಿ ತಪ್ಪು ಮಾಡ್ತಾಳೆ?" ಅಂತ ಒಮ್ಮೆ ಆ ಹುಡುಗಿಯನ್ನು ಕೇಳಿದೆ.

"ಒಂದು ತಪ್ಪನ್ನ ಎರಡನೇ ಸಲ ಮಾಡಲ್ಲ ಮೇಡಮ್. ನನಗೇ ಹೊಟ್ಟೆ ಉರಿಯುತ್ತೆ," ಅಂದಳು.

ತಿಂಗಳ ಕೊನೆಯ ಮೂರು ದಿನ ಮೂರನೆಯ ಲೈನಿನ ರಿಪೋರ್ಟನ್ನು ಅಕ್ಕನೇ ಬರೆದಳು. ಅಕ್ಷರ ದೊಡ್ಡ ದೊಡ್ಡದು, ಒಂದೊಂದೂ ಹೊಲಿದ ಹಾಗೆ. ಇನ್‌ಚಾರ್ಜ್ ಪ್ರತಿ ಹಾಳೆಯನ್ನೂ ಕೆಂಪು ಪೆನ್ನು ಹಿಡಿದು ನೋಡಿ, ಪೆನ್ನಿನ ಮುಚ್ಚಳ ತೆಗೆಯದೆ ವಾಪಸ್ ಕೊಟ್ಟರು.

ಆದೇಶ ಪತ್ರ ಬಂದ ದಿನ ಅಕ್ಕ ಹಾಸ್ಟೆಲಿನಿಂದ ಚೀಲ ಕಟ್ಟಿಕೊಂಡೇ ಬಂದಿದ್ದಳು. ಸಹಿ ಮಾಡಿ ಮಧ್ಯಾಹ್ನದ ಬಸ್ಸಿಗೆ ಊರಿಗೆ, ಸೋಮವಾರ ಕಲ್ಯಾಣದುರ್ಗ. ಪತ್ರ ತೆಲುಗಿನಲ್ಲಿತ್ತು, ಒಂದು ಪುಟ. ಟೈಪ್ ಮಾಡಿದವಳು ನಾನು. ಇನ್‌ಚಾರ್ಜ್ ಎದುರು ಕೂತಿದ್ದರು.

"ಓದಿ ಹೇಳ್ಲಾ ಅಕ್ಕ? ಬಸ್ ಟೈಮ್ ಆಗ್ತದೆ," ಅಂದೆ.

"ನೀನು ಓದ್ಬ್ಯಾಡ ಕಣಮ್ಮ. ಆವತ್ತು ಓದಿದ್ದೇ ಸಾಕು," ಅಂತ ಕುರ್ಚಿ ಎಳೆದುಕೊಂಡು ಕೂತಳು. ಬೆರಳಿಟ್ಟಳು.

ಇನ್‌ಚಾರ್ಜ್ ಗಡಿಯಾರ ನೋಡಿದರು. ಬೆರಳು ಮೆಲ್ಲಗೆ ಸಾಗಿತು. ತನ್ನ ಹೆಸರಿನ ಹತ್ತಿರ ಸ್ವಲ್ಪ ನಿಂತಿತು. ಸಂಬಳದ ಹತ್ತಿರ ಇನ್ನೂ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿನ ಸಾಲಿಗೆ ಬಂದು ಅಲ್ಲಾಡದೆ ನಿಂತುಬಿಟ್ಟಿತು. ಹಿಂದಕ್ಕೆ ಹೋಗಿ ಮತ್ತೆ ಅದೇ ಸಾಲನ್ನು ಮೊದಲಿನಿಂದ ಓದಿದಳು.

"ಕೆಲ್ಸ ಮಾಡೋ ಜಾಗ ಅಂತ ಬರ್ದು, ಹಿಂದೂಪುರ ಅಂತ ಐತಲ್ಲಮ್ಮ ಇಲ್ಲಿ?"

ನಾನು ಪತ್ರ ತಿರುಗಿಸಿಕೊಂಡು ನೋಡಿದೆ. ಹಿಂದೂಪುರ ಅಂತಲೇ ಇತ್ತು. ಹಳೆಯ ಪತ್ರದ ಮೇಲೆ ಹೊಸ ಹೆಸರು ಕೂರಿಸುವ ಅವಸರದಲ್ಲಿ ಆ ಸಾಲು ಹಾಗೇ ಉಳಿದಿತ್ತು. ನಾನು ಎರಡು ಸಲ ಓದಿದ್ದೆ. ಇನ್‌ಚಾರ್ಜ್ ಓದಿದ್ದರು. ಮ್ಯಾನೇಜರು ಸಹಿಯನ್ನೇ ಹಾಕಿದ್ದರು. ಓದಿ ಹೇಳು ಅಂದಿದ್ದರೆ ಕಲ್ಯಾಣದುರ್ಗ ಅಂತಲೇ ನನ್ನ ಬಾಯಿಗೆ ಬರುತ್ತಿತ್ತು, ಅವಳು ಹಿಂದೂಪುರಕ್ಕೆ ಸಹಿ ಮಾಡಿ ಹೋಗುತ್ತಿದ್ದಳು.

ತಿದ್ದಿ, ಮತ್ತೆ ಮುದ್ರಿಸಿ, ಮ್ಯಾನೇಜರ ಸಹಿ ಮಾಡಿಸಿ ತಂದುಕೊಟ್ಟೆ. ಅಕ್ಕ ಅದನ್ನೂ ಮೊದಲ ಸಾಲಿನಿಂದಲೇ ಶುರು ಮಾಡಿದಳು. ಬಸ್ಸು ಹೋಯಿತು. ಇನ್‌ಚಾರ್ಜ್ ಎದ್ದು ಹೋಗಿ ಮೂವರಿಗೆ ಟೀ ತಂದರು. ಅವಳದ್ದನ್ನು ಪತ್ರಕ್ಕೆ ತಾಗದ ಹಾಗೆ ದೂರ ಇಟ್ಟು, ಅವರೂ ಕೂತು ಕಾದರು.